ನಮ್ಮ ಲೆಕ್ಕದಲ್ಲಿ ಎರಡು ಲೈಟ್ ಬ್ಯಾಂಡ್, ಗ್ರಾಹಕರ ಯಂತ್ರದಲ್ಲಿ 0.9 ಮೈಕ್ರಾನ್: ಯಾವುದು ಸರಿ?

ಪೀಣ್ಯ_ಲ್ಯಾಪಿಂಗ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಲ್ಯಾಪಿಂಗ್ ಘಟಕವಿದೆ. ಪಂಪುಗಳ ಮೆಕ್ಯಾನಿಕಲ್ ಸೀಲಿಗೆ (ತಿರುಗುವ ದಂಡದ ಸುತ್ತ ಸೋರಿಕೆ ತಡೆಯುವ ಜೋಡಣೆಗೆ) ಬೇಕಾಗುವ ಸಿಲಿಕಾನ್ ಕಾರ್ಬೈಡ್ ಮತ್ತು ಕಾರ್ಬನ್ ಉಂಗುರಗಳ ಮುಖವನ್ನು ಉಜ್ಜಿ ಸಮತಲ ಮಾಡಿಕೊಡುವುದು ನಮ್ಮ ಕೆಲಸ. ತಪಾಸಣೆಗೆ ನನ್ನ ತಂದೆಯವರ ಕಾಲದಿಂದಲೂ ಇರುವುದು ಹೀಲಿಯಂ ದೀಪದ ಪೆಟ್ಟಿಗೆ ಮತ್ತು ನೂರು ಮಿಲಿಮೀಟರ್ ವ್ಯಾಸದ ಆಪ್ಟಿಕಲ್ ಫ್ಲ್ಯಾಟ್, ಅಂದರೆ ಅತಿ ಸಮತಲವಾಗಿ ಉಜ್ಜಿದ ಗಾಜಿನ ಬಿಲ್ಲೆ. ಉಂಗುರದ ಮೇಲೆ ಫ್ಲ್ಯಾಟ್ ಇಟ್ಟು, ಕಾಣುವ ಕಪ್ಪು ಪಟ್ಟಿಗಳನ್ನು (ಲೈಟ್ ಬ್ಯಾಂಡ್) ಓದಿ, ಎರಡು ಬ್ಯಾಂಡಿನೊಳಗೆ ಇದ್ದರೆ ಪ್ಯಾಕ್ ಮಾಡುತ್ತೇವೆ.

ಕಳೆದ ತಿಂಗಳು 60 ಮಿಲಿಮೀಟರ್ ಹೊರವ್ಯಾಸದ ನಲವತ್ತು ಸಿಲಿಕಾನ್ ಕಾರ್ಬೈಡ್ ಉಂಗುರಗಳು ವಾಪಸು ಬಂದವು. ಗ್ರಾಹಕರು ಹೊಸದಾಗಿ ತರಿಸಿದ, ಬೆಳಕಿನ ಪಟ್ಟಿಗಳಿಂದ ಮುಖದ ಏರಿಳಿತ ಅಳೆಯುವ ಬಿಳಿ ಬೆಳಕಿನ ಇಂಟರ್‌ಫೆರೋಮೀಟರ್‌ನ ವರದಿಯಲ್ಲಿ ಸಮತಲತೆ 0.9 ಮೈಕ್ರಾನ್ ಎಂದಿದೆ. ನಕ್ಷೆಯಲ್ಲಿರುವ ಮಿತಿ ಎರಡು ಹೀಲಿಯಂ ಬ್ಯಾಂಡ್, ಅಂದರೆ ಸುಮಾರು 0.59 ಮೈಕ್ರಾನ್. ಒರಟುತನದ ವಿಷಯದಲ್ಲೂ ಇದೇ ಗೋಳು. ಮುಖದ ಮೇಲೆ ಸೂಜಿ ಎಳೆದು ಅಳೆಯುವ ನಮ್ಮ ಯಂತ್ರ ಆರ್‌ಎ 0.08 ಮೈಕ್ರಾನ್ ಎನ್ನುತ್ತದೆ, ಅವರ ವರದಿಯಲ್ಲಿ ಎಸ್‌ಎ 0.19 ಎಂದಿದೆ.

ಒಂದೇ ಉಂಗುರಕ್ಕೆ ಎರಡು ಉತ್ತರ ಬರುವುದು ಹೇಗೆ? ನಾವೂ ಅಂಥದೇ ಯಂತ್ರ ಕೊಳ್ಳದೆ ಗತಿಯಿಲ್ಲವೇ? ಬೆಲೆ ಕೇಳಿದ ಮೇಲೆ ಎರಡು ರಾತ್ರಿ ನಿದ್ದೆ ಬಂದಿಲ್ಲ.

ಮಾಪನದ_ಮೇಷ್ಟ್ರು

ಕೊಳ್ಳುವ ಮಾತನ್ನು ಸ್ವಲ್ಪ ಬದಿಗಿಡಿ. ನಿಮ್ಮ ದೀಪದ ಪೆಟ್ಟಿಗೆಯೂ ಅವರ ಹೊಸ ಯಂತ್ರವೂ ಒಂದೇ ಕುಲದವು. ಎರಡರಲ್ಲೂ ನಡೆಯುವುದು ಬೆಳಕಿನ ವ್ಯತಿಕರಣವೇ. ಫ್ಲ್ಯಾಟಿನ ಕೆಳಮುಖದಿಂದ ಮರಳಿದ ಬೆಳಕು ಮತ್ತು ಉಂಗುರದಿಂದ ಮರಳಿದ ಬೆಳಕು ಒಂದನ್ನೊಂದು ಕೂಡಿದಲ್ಲಿ ಹೊಳಪು, ಕಳೆದಲ್ಲಿ ಕತ್ತಲೆ. ಬೆಳಕು ನಡುವಿನ ಗಾಳಿಯ ಸಂದನ್ನು ಹೋಗುತ್ತಾ ಬರುತ್ತಾ ಎರಡು ಸಲ ದಾಟುವುದರಿಂದ, ಒಂದು ಕಪ್ಪು ಪಟ್ಟಿಯಿಂದ ಮುಂದಿನದಕ್ಕೆ ಹೋದಾಗ ಸಂದಿನ ದಪ್ಪ ಅರ್ಧ ತರಂಗದೂರದಷ್ಟು ಬದಲಾಗಿರುತ್ತದೆ. ಹೀಲಿಯಂನ ಹಳದಿ ಗೆರೆಯ ತರಂಗದೂರ 587.6 ನ್ಯಾನೊಮೀಟರ್, ಆದ್ದರಿಂದ ನಿಮ್ಮ ಒಂದು ಬ್ಯಾಂಡ್ ಎಂದರೆ 0.294 ಮೈಕ್ರಾನ್.

ಈಗ ಒಂದು ಮುಜುಗರದ ಪ್ರಶ್ನೆ ಕೇಳುತ್ತೇನೆ, ಬೇಸರಿಸಬೇಡಿ. ನಿಮ್ಮ ಹುಡುಗರು ಎಣಿಸುವುದು ಪಟ್ಟಿಗಳ ಸಂಖ್ಯೆಯನ್ನೋ, ಪಟ್ಟಿಯ ಬಾಗನ್ನೋ? ಹತ್ತು ಪಟ್ಟಿಗಳು ಕಂಡರೂ ಎಲ್ಲವೂ ನೇರವಾಗಿದ್ದು ಸಮ ಅಂತರದಲ್ಲಿದ್ದರೆ ಆ ಮುಖ ಸಮತಲವೇ. ಫ್ಲ್ಯಾಟಿನ ಒಂದು ಕಡೆ ಧೂಳಿನ ಕಣ ಸಿಕ್ಕಿ ಸಂದು ಬೆಣೆಯಂತಾಗಿದೆ, ಅಷ್ಟೇ. ಎರಡೇ ಪಟ್ಟಿಗಳಿದ್ದು ಅವು ಬಿಲ್ಲಿನಂತೆ ಬಾಗಿದ್ದರೆ ದೋಷ ಹೆಚ್ಚಿರಬಹುದು. ಉಂಗುರದಲ್ಲಿ ನಡುವೆ ರಂಧ್ರ ಇರುವುದರಿಂದ ಇದನ್ನು ಓದುವುದು ಇನ್ನೂ ಕಷ್ಟ. ಒಂದೇ ಪಟ್ಟಿಯ ಎರಡು ತುದಿಗಳನ್ನು ಸೇರಿಸುವ ನೇರ ಗೆರೆಯನ್ನು ಮನಸ್ಸಿನಲ್ಲೇ ಎಳೆದು, ಆ ಗೆರೆ ಬೇರೆ ಎಷ್ಟು ಪಟ್ಟಿಗಳನ್ನು ದಾಟುತ್ತದೆ ಎಂದು ನೋಡಬೇಕು. ಆ ಎಣಿಕೆಯನ್ನು 0.294ರಿಂದ ಗುಣಿಸಿದರೆ ಬರುವುದೇ ನಿಮ್ಮ ಸಮತಲತೆ.

ಇನ್ನು ಗ್ರಾಹಕರ 0.9. ಸಮತಲತೆ ಎಂದರೆ ಅತಿ ಎತ್ತರದ ಬಿಂದುವಿಗೂ ಅತಿ ತಗ್ಗಿನ ಬಿಂದುವಿಗೂ ಇರುವ ಅಂತರ. ಲಕ್ಷಾಂತರ ಬಿಂದುಗಳನ್ನು ಅಳೆಯುವ ಕ್ಯಾಮೆರಾದಲ್ಲಿ ಒಂದೇ ಒಂದು ಬಿಂದು ಧೂಳಿನ ಮೇಲೆ ಬಿದ್ದರೂ ಇಡೀ ಉಂಗುರದ ಹಣೆಬರಹ ಬದಲಾಗುತ್ತದೆ. ನಿಮ್ಮ ಕಣ್ಣು ಅಂಥದನ್ನು ತಾನಾಗಿಯೇ ಬಿಟ್ಟುಬಿಡುತ್ತದೆ, ತಂತ್ರಾಂಶಕ್ಕೆ ಹಾಗೆ ಬಿಡು ಎಂದು ಹೇಳಬೇಕಾಗುತ್ತದೆ. ಎರಡನೆಯ ಅನುಮಾನ ಇನ್ನೂ ದೊಡ್ಡದು. ಬಿಳಿ ಬೆಳಕಿನ ಯಂತ್ರ ಮೂಲತಃ ಸೂಕ್ಷ್ಮದರ್ಶಕ. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ಒಂದು ಸಲಕ್ಕೆ ಕಾಣುವುದು ಸಾಮಾನ್ಯವಾಗಿ ಮಿಲಿಮೀಟರ್ ಆಸುಪಾಸಿನ ಚೌಕ. 60 ಮಿಲಿಮೀಟರ್ ಉಂಗುರವನ್ನು ಹಾಗೆ ನೋಡಬೇಕಾದರೆ ನೂರಾರು ತುಂಡುಗಳನ್ನು ತೆಗೆದು ಕೌದಿಯಂತೆ ಹೊಲಿಯಬೇಕು, ಮತ್ತು ಪ್ರತಿ ಹೊಲಿಗೆಯ ಸಣ್ಣ ತಪ್ಪೂ ಮುಂದಿನದಕ್ಕೆ ಸೇರುತ್ತಾ ಕೊನೆಗೆ ಇಲ್ಲದ ಬಾಗನ್ನು ತೋರಿಸಬಲ್ಲದು. ಇಡೀ ಮುಖದ ಆಕಾರಕ್ಕೆ, ಅಗಲವಾದ ಮುಖವನ್ನು ಒಂದೇ ಸಲಕ್ಕೆ ನೋಡುವ ಫಿಜೋ ಬಗೆಯ ಇಂಟರ್‌ಫೆರೋಮೀಟರ್ ತಕ್ಕದ್ದು. ಒರಟುತನಕ್ಕೆ ಬಿಳಿ ಬೆಳಕಿನದು ತಕ್ಕದ್ದು. ಅವರು ಯಾವ ಮಸೂರದಲ್ಲಿ ಅಳೆದರು, ಹೊಲಿದರೋ ಇಲ್ಲವೋ, ಬಿಡಿ ಬಿಂದುಗಳನ್ನು ತೆಗೆದರೋ ಎಂಬುದನ್ನು ಲಿಖಿತವಾಗಿ ಕೇಳಿ.

ಕನ್ನಡಿ_ಉಜ್ಜುವವ

ಮೇಷ್ಟ್ರು ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ನಾನು ದೂರದರ್ಶಕದ ಕನ್ನಡಿಗಳನ್ನು ಹವ್ಯಾಸಕ್ಕಾಗಿ ಉಜ್ಜುತ್ತೇನೆ, ಆದ್ದರಿಂದ ಪಟ್ಟಿಗಳ ಜೊತೆ ಜಗಳವಾಡಿಯೇ ತಲೆ ನರೆತಿದೆ. ಇಂಟರ್‌ಫೆರೋಮೀಟರ್ ನಿಮ್ಮ ಮುಖವನ್ನು ಅಳೆಯುವುದಿಲ್ಲ, ನಿಮ್ಮ ಮುಖಕ್ಕೂ ಅದರ ಆಧಾರಮುಖಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ತೋರಿಸುತ್ತದೆ. ಆಧಾರವೇ ಸವೆದಿದ್ದರೆ? ತಂದೆಯವರ ಕಾಲದ ಫ್ಲ್ಯಾಟ್ ಎಂದಿರಿ. ಸಿಲಿಕಾನ್ ಕಾರ್ಬೈಡ್ ಗಾಜಿಗಿಂತ ಬಹಳ ಗಟ್ಟಿ. ಅದರ ಮೇಲೆ ವರ್ಷಗಟ್ಟಲೆ ಎಳೆದಾಡಿದ ಗಾಜು ಸವೆಯದೆ ಇರುತ್ತದೆಯೇ?

ಹಬಲ್ ದೂರದರ್ಶಕದ ಕಥೆ ನಿಮಗೆ ಗೊತ್ತಿರಬಹುದು. ಅದರ ಕನ್ನಡಿಯನ್ನು ಪರೀಕ್ಷಿಸಿದ ಉಪಕರಣದಲ್ಲಿ ಒಂದು ಮಸೂರ 1.3 ಮಿಲಿಮೀಟರ್ ಜರುಗಿ ಕೂತಿತ್ತು. ಪಟ್ಟಿಗಳು ಅಂದವಾಗಿ ನೇರವಾಗಿಯೇ ಕಂಡವು, ಕನ್ನಡಿಯ ಅಂಚು ಮಾತ್ರ ಸುಮಾರು 2.2 ಮೈಕ್ರಾನಿನಷ್ಟು ಹೆಚ್ಚು ಚಪ್ಪಟೆಯಾಯಿತು. ಸೋಜಿಗವೆಂದರೆ, ಬೇರೆ ಸರಳ ಪರೀಕ್ಷೆಗಳು ಈ ದೋಷವನ್ನು ತೋರಿಸಿದ್ದವು. ಮುಖ್ಯ ಉಪಕರಣವೇ ಹೆಚ್ಚು ನಿಖರ ಎಂದು ಅವನ್ನು ತಳ್ಳಿಹಾಕಲಾಯಿತು. 1990ರಲ್ಲಿ ಮೇಲೇರಿದ ಅದಕ್ಕೆ 1993ರಲ್ಲಿ ಬಾಹ್ಯಾಕಾಶದಲ್ಲೇ ರಿಪೇರಿ ಮಾಡಬೇಕಾಯಿತು.

ನಿಮ್ಮ ಫ್ಲ್ಯಾಟನ್ನು ಪರೀಕ್ಷಿಸಲು ಹಳೆಯ ಉಪಾಯವೊಂದಿದೆ. ಎರಡು ಫ್ಲ್ಯಾಟ್‌ಗಳಿದ್ದರೆ ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಅಡಗಿ ಮೋಸವಾಗಬಹುದು. ಮೂರನ್ನು ಜೋಡಿಜೋಡಿಯಾಗಿ ಹೋಲಿಸಿದರೆ ಆ ಮೋಸ ನಡೆಯುವುದಿಲ್ಲ, ಮೂರು ಸಮೀಕರಣಗಳಿಂದ ಒಂದೊಂದರ ದೋಷವೂ ಬಿಡಿಯಾಗಿ ಹೊರಬೀಳುತ್ತದೆ.

ಇನ್ನೊಂದು ಮಾತು ಬಿಸಿಯ ಬಗ್ಗೆ. ಉಂಗುರವನ್ನು ತೊಳೆದ ಕೂಡಲೇ ಅಳೆಯಬೇಡಿ. ಫ್ಲ್ಯಾಟನ್ನು ಅಂಗೈಯಲ್ಲಿ ಹಿಡಿದು ಮಾತಾಡುತ್ತಾ ನಿಲ್ಲಬೇಡಿ. ಒಂದು ಮುಖ ಬೆಚ್ಚಗಾದರೆ ಗಾಜು ಹಪ್ಪಳದಂತೆ ಬಾಗುತ್ತದೆ, ಮತ್ತು ಕಾಲು ಮೈಕ್ರಾನಿನ ಬಾಗಿಗೆ ಅಂಗೈಯ ಶಾಖ ಧಾರಾಳವಾಗಿ ಸಾಕು. ಮಾಪನದ ಒಪ್ಪಿತ ಉಷ್ಣತೆ 20 ಡಿಗ್ರಿ. ಏಪ್ರಿಲ್‌ನಲ್ಲಿ ಶೀಟ್ ಛಾವಣಿಯ ಕೆಳಗೆ ಅದು ಕನಸಿನ ಮಾತು ಎಂದು ನನಗೂ ಗೊತ್ತು. ಕನಿಷ್ಠ ಉಂಗುರ, ಗಾಜು ಎರಡೂ ಒಂದೇ ಮೇಜಿನ ಮೇಲೆ ಕೆಲವು ಗಂಟೆ ಜೊತೆಯಾಗಿ ಕೂತಿರಲಿ.

ಮಿರಾವ್_ಮಸೂರ

ನಾನು ನಿತ್ಯ ಬಿಳಿ ಬೆಳಕಿನ ಯಂತ್ರದಲ್ಲೇ ಕೆಲಸ ಮಾಡುವವಳು, ಆದ್ದರಿಂದ ಅದರ ಪರವಾಗಿ ಎರಡು ಮಾತು ಆಡಲೇಬೇಕು. ಒಂದೇ ಬಣ್ಣದ ಬೆಳಕಿನಲ್ಲಿ ಎಲ್ಲ ಪಟ್ಟಿಗಳೂ ಒಂದೇ ರೀತಿ ಕಾಣುತ್ತವೆ. ಮುಖದಲ್ಲಿ ಹಠಾತ್ತನೆ ಒಂದು ಮೆಟ್ಟಿಲು ಬಂದರೆ, ಮೂರನೆಯ ಪಟ್ಟಿ ಯಾವುದು, ಹದಿಮೂರನೆಯದು ಯಾವುದು ಎಂದು ಹೇಳುವವರಿಲ್ಲ. ಬಿಳಿ ಬೆಳಕಿನಲ್ಲಿ ಹಾಗಲ್ಲ. ಎರಡು ದಾರಿಗಳ ಉದ್ದ ಕೆಲವೇ ಮೈಕ್ರಾನಿನೊಳಗೆ ಸಮವಾದಾಗ ಮಾತ್ರ ಪಟ್ಟಿಗಳು ಮೂಡುತ್ತವೆ. ಮಸೂರವನ್ನು ಸ್ವಲ್ಪಸ್ವಲ್ಪವೇ ಮೇಲೆತ್ತುತ್ತಾ, ಕ್ಯಾಮೆರಾದ ಪ್ರತಿ ಬಿಂದುವಿನಲ್ಲೂ ಪಟ್ಟಿ ಯಾವ ಎತ್ತರದಲ್ಲಿ ಅತ್ಯಂತ ಗಾಢವಾಯಿತು ಎಂದು ಬರೆದುಕೊಂಡರೆ ಅದೇ ಆ ಬಿಂದುವಿನ ಎತ್ತರ. ಎತ್ತರದ ದಿಕ್ಕಿನಲ್ಲಿ ನ್ಯಾನೊಮೀಟರಿಗಿಂತ ಸಣ್ಣದನ್ನೂ ಅದು ಬಿಡಿಸಿ ತೋರಿಸುತ್ತದೆ.

ಒರಟುತನದ ಜಗಳಕ್ಕೆ ಬರೋಣ. ನಿಮ್ಮ ಆರ್‌ಎ ಒಂದು ಗೆರೆಯ ಮೇಲಿನ ಏರಿಳಿತದ ಸರಾಸರಿ. ಅವರ ಎಸ್‌ಎ ಇಡೀ ಕ್ಷೇತ್ರದ ಸರಾಸರಿ. ಎರಡೂ ಒಂದೇ ಅಂಕಿ ಬರಬೇಕೆಂದು ಯಾವ ನಿಯಮವೂ ಇಲ್ಲ. ಸಿಂಟರ್ ಮಾಡಿದ, ಅಂದರೆ ಪುಡಿಯನ್ನು ಕಾಯಿಸಿ ಗಟ್ಟಿ ಮಾಡಿದ ಸಿಲಿಕಾನ್ ಕಾರ್ಬೈಡಿನಲ್ಲಿ ಸಣ್ಣ ಸಣ್ಣ ರಂಧ್ರಗಳು ಇದ್ದೇ ಇರುತ್ತವೆ. ಸೂಜಿಯ ತುದಿಯ ತ್ರಿಜ್ಯ 2 ಅಥವಾ 5 ಮೈಕ್ರಾನ್. ಅದು ಇಕ್ಕಟ್ಟಾದ ಗುಂಡಿಯ ಬಾಯಿಯ ಮೇಲೆಯೇ ಜಾರಿ ಹೋಗುತ್ತದೆ, ಬೆಳಕು ಒಳಗಿಳಿಯುತ್ತದೆ. ಹಾಗೆಂದು ಬೆಳಕೂ ಸಾಚಾ ಅಲ್ಲ. ಹತ್ತು ಪಟ್ಟಿನ ಸಾಮಾನ್ಯ ಮಸೂರಕ್ಕೆ ಸುಮಾರು 17 ಡಿಗ್ರಿಗಿಂತ ಕಡಿದಾದ ನುಣುಪು ಇಳಿಜಾರಿನಿಂದ ಬೆಳಕು ಮರಳುವುದೇ ಇಲ್ಲ, ಗುಂಡಿಯ ಅಂಚಿನಲ್ಲಿ ಇಲ್ಲದ ಮುಳ್ಳುಗಳೂ ಏಳುತ್ತವೆ. ಲೋಹ ತುಂಬಿಸಿದ ಕಾರ್ಬನ್ ಉಂಗುರಗಳಲ್ಲಿ ಇನ್ನೊಂದು ತೊಡಕು: ಲೋಹ ಮತ್ತು ಕಾರ್ಬನ್ ಬೆಳಕಿನ ಅಲೆಯನ್ನು ಬೇರೆ ಬೇರೆ ದಶೆಯಲ್ಲಿ (ಫೇಸ್) ಮರಳಿಸುವುದರಿಂದ, ಸಮವಾಗಿರುವ ಕಡೆಯಲ್ಲೂ ಹತ್ತಾರು ನ್ಯಾನೊಮೀಟರಿನ ಸುಳ್ಳು ಮೆಟ್ಟಿಲು ಕಾಣಬಹುದು.

ಕಟ್‌ಆಫ್, ಅಂದರೆ ಎಷ್ಟು ಉದ್ದಕ್ಕಿಂತ ಅಗಲವಾದ ಅಲೆಗಳನ್ನು ಒರಟುತನದ ಲೆಕ್ಕದಿಂದ ಬಿಡಬೇಕೆಂಬ ಮಿತಿ, ಎಷ್ಟಿತ್ತೆಂದು ನೀವಾಗಲಿ ಗ್ರಾಹಕರಾಗಲಿ ಹೇಳಿಲ್ಲ. ಆರ್‌ಎ 0.1ಕ್ಕಿಂತ ಕಡಿಮೆ ಇರುವ ಮುಖಕ್ಕೆ 0.25 ಮಿಲಿಮೀಟರ್ ಕಟ್‌ಆಫ್ ರೂಢಿ; ಒಬ್ಬರು ಅದನ್ನಿಟ್ಟು ಇನ್ನೊಬ್ಬರು 0.8 ಇಟ್ಟರೆ ಅಲೆಗಳೂ ಒರಟುತನದ ಲೆಕ್ಕಕ್ಕೆ ಸೇರಿ ಅಂಕಿ ಏರುತ್ತದೆ.

ಯಂತ್ರ ಕೊಳ್ಳುವ ಮೊದಲು ಬಾಡಿಗೆಗೆ ಅಳೆಸಿ ನೋಡಿ. ನೀವು ಇರುವ ಕಡೆಯಿಂದ ತುಮಕೂರು ರಸ್ತೆಯ ಸಿಎಂಟಿಐ ಎಷ್ಟು ದೂರ? 1962ರಿಂದ ಯಂತ್ರೋಪಕರಣಗಳ ಕೆಲಸ ಮಾಡುತ್ತಿರುವ ಸಂಸ್ಥೆ, ಮಾಪನದ ಪ್ರಯೋಗಾಲಯ ಅಲ್ಲಿದೆ. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಪಡೆದ ಖಾಸಗಿ ಪ್ರಯೋಗಾಲಯಗಳೂ ಊರಿನಲ್ಲಿವೆ. ಇನ್ನು ಕೊಂಡೇ ತೀರುತ್ತೇನೆ ಎಂದರೆ, ಪಕ್ಕದ ಶೆಡ್ಡಿನಲ್ಲಿ ಪವರ್ ಪ್ರೆಸ್ ಇದೆಯೇ ಎಂದು ಮೊದಲು ನೋಡಿ. ನೆಲ ನಡುಗಿದರೆ ಪಟ್ಟಿ ನಡುಗುತ್ತದೆ, ಕಂಪನ ತಡೆಯುವ ಮೇಜಿಗೇ ಬೇರೆ ದುಡ್ಡು.

ಪೀಣ್ಯ_ಲ್ಯಾಪಿಂಗ್

ಮೂವರಿಗೂ ಧನ್ಯವಾದಗಳು. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಫ್ಲ್ಯಾಟನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಿದೆ. ನಡುವಿನ ಭಾಗ ಸುಮಾರು 0.2 ಮೈಕ್ರಾನ್ ತಗ್ಗಿದೆ ಎಂದು ವರದಿ ಬಂತು. ಹೊಸ ಫ್ಲ್ಯಾಟ್ ತರಿಸಿ, ಉಂಗುರಗಳನ್ನು ರಾತ್ರಿಯಿಡೀ ಮೇಜಿನ ಮೇಲೆ ಬಿಟ್ಟು, ಮೇಷ್ಟ್ರು ಹೇಳಿದಂತೆ ಗೆರೆ ಎಳೆದು ಓದಿದರೆ ಹೆಚ್ಚಿನವು ಎರಡೂವರೆ ಬ್ಯಾಂಡ್ ತೋರಿಸಿದವು. ಗ್ರಾಹಕರು ಬಿಡಿ ಬಿಂದುಗಳನ್ನು ತೆಗೆದು, ಕಡಿಮೆ ವರ್ಧನೆಯ ಮಸೂರದಲ್ಲಿ ಮತ್ತೆ ಅಳೆದಾಗ 0.7 ಮೈಕ್ರಾನ್ ಬಂತು. ಅವರ 0.9 ತಪ್ಪು, ನಮ್ಮ ಎರಡು ಬ್ಯಾಂಡೂ ತಪ್ಪು. ಮಿತಿ ಮೀರಿದ್ದು ಮಾತ್ರ ನಿಜವಾದ್ದರಿಂದ ನಲವತ್ತನ್ನೂ ನಮ್ಮ ಖರ್ಚಿನಲ್ಲೇ ಮತ್ತೆ ಲ್ಯಾಪ್ ಮಾಡುತ್ತಿದ್ದೇವೆ. ಒರಟುತನವನ್ನು ಇನ್ನು ಮುಂದೆ ಸೂಜಿಯಿಂದಲೇ, 0.25 ಕಟ್‌ಆಫ್‌ನಲ್ಲಿ ಅಳೆಯುವುದೆಂದು ನಕ್ಷೆಯಲ್ಲೇ ಬರೆಸಿಕೊಂಡೆವು.

ಒಂದು ಸಂದೇಹ ಉಳಿದಿದೆ. ಪಟ್ಟಿ ಬಾಗಿದೆ ಎಂದು ಗೊತ್ತಾದರೂ, ಮುಖ ಉಬ್ಬಿದೆಯೋ ತಗ್ಗಿದೆಯೋ ಎಂದು ತಿಳಿಯುವುದು ಹೇಗೆ? ಉಂಗುರ ಉಜ್ಜುವ ಲ್ಯಾಪ್ ಪ್ಲೇಟನ್ನು ಯಾವ ಕಡೆಗೆ ಸರಿಪಡಿಸಬೇಕೆಂಬುದು ಅದರ ಮೇಲೇ ನಿಂತಿದೆ.

ಮಾಪನದ_ಮೇಷ್ಟ್ರು

ಪಟ್ಟಿಗಳು ಬಳೆಗಳಂತೆ ಸುತ್ತುವರಿದು ಕಾಣುವ ಹಾಗೆ ಫ್ಲ್ಯಾಟನ್ನು ಹೊಂದಿಸಿ, ಮೊದಲು ನೇರ ಮೇಲಿನಿಂದ ನೋಡಿ. ಆಮೇಲೆ ಪಟ್ಟಿಗಳ ಮೇಲಿನ ಗಮನ ತಪ್ಪದಂತೆ ತಲೆಯನ್ನು ನಿಧಾನವಾಗಿ ತಗ್ಗಿಸುತ್ತಾ ಓರೆಯಾಗಿ ನೋಡಿ. ಓರೆಯಾದಂತೆ ಬೆಳಕಿನ ದಾರಿಯ ವ್ಯತ್ಯಾಸ ಕಡಿಮೆಯಾಗುವುದರಿಂದ, ಪ್ರತಿ ಪಟ್ಟಿಯೂ ಸಂದು ಹೆಚ್ಚು ಇರುವ ಕಡೆಗೆ ಸರಿಯುತ್ತದೆ. ಬಳೆಗಳು ಹೊರಗೆ ಹರಡಿದರೆ ಅಂಚಿನಲ್ಲಿ ಸಂದು ಹೆಚ್ಚು, ಅಂದರೆ ಮುಖ ಉಬ್ಬಿದೆ. ನಡುವಿನ ಕಡೆಗೆ ಕುಗ್ಗಿದರೆ ತಗ್ಗಿದೆ. ಹುಡುಗರಿಗೆ ಹೇಳಿಕೊಡುವಾಗ ಉಬ್ಬಿದ್ದು ಖಚಿತವಾಗಿ ಗೊತ್ತಿರುವ ಒಂದು ಉಂಗುರವನ್ನು ಕೈಗೆ ಕೊಡಿ. ಹಳೆಯ ಫ್ಲ್ಯಾಟನ್ನು ಎಸೆಯಬೇಡಿ, ಅಭ್ಯಾಸಕ್ಕೆ ಇರಲಿ, ಆದರೆ ಅದರ ಅಂಚಿಗೆ ಕೆಂಪು ಬಣ್ಣ ಬಳಿಯಿರಿ.