ದಾರಿ ನೆನಪಿರದ ಸೋದರಿಗೆ ಓದುಗರ ಸ್ಪಂದನ

ಎಷ್ಟು ಸಲ ಓಡಾಡಿದರೂ ದಾರಿ ನೆನಪಿರುವುದಿಲ್ಲ, ಗಂಡ ನೆಂಟರೆದುರೇ ಆಡಿಕೊಳ್ಳುತ್ತಾರೆ, ಈಗ ಸ್ಕೂಟರ್ ತೆಗೆಯಲೂ ಭಯ, ಇದು ಕಾಯಿಲೆಯೇ ಎಂದು ಮೂಡಿಗೆರೆ ಕಡೆಯ ಸೋದರಿಯೊಬ್ಬರು ಕಳೆದ ವಾರ ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಸಕಲೇಶಪುರದಿಂದ ಒಬ್ಬ ಗೃಹಿಣಿ: ತಂಗೀ, ನಿನ್ನ ಪತ್ರ ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ. ನಾನು ಅರಸೀಕೆರೆ ಕಡೆಯವಳು. ಅಲ್ಲಿ ಮಾಲೇಕಲ್ಲು ತಿರುಪತಿ ಬೆಟ್ಟ ನೋಡಿಕೊಂಡೇ ದಿಕ್ಕು ಹೇಳುತ್ತಿದ್ದೆ. ಇಲ್ಲಿ ತೋಟಕ್ಕೆ ಹೊಕ್ಕರೆ ಎತ್ತ ತಿರುಗಿದರೂ ಅದೇ ಸಿಲ್ವರ್ ಮರ, ಅದಕ್ಕೆ ಹಬ್ಬಿದ ಅದೇ ಮೆಣಸಿನ ಬಳ್ಳಿ. ಮಳೆಗಾಲದಲ್ಲಿ ಮಂಜು ಬೇರೆ. ಜೀಪು ಕವಲಿಗೆ ಬಂದ ಕೂಡಲೇ ನಮ್ಮ ಯಜಮಾನರು ನಿಲ್ಲಿಸಿ, "ಎಡಕ್ಕೋ ಬಲಕ್ಕೋ, ಹೇಳು ನೋಡೋಣ" ಅನ್ನುವರು. ಹಿಂದಿನ ಸೀಟಿನಲ್ಲಿ ನಾದಿನಿಯರು ಕಿಸಕ್ಕನೆ ನಗುವರು. ನಾನು ನೋಡುತ್ತಿದ್ದುದು ರಸ್ತೆಯನ್ನಲ್ಲ, ಅವರ ಮುಖವನ್ನು. ಇನ್ನು ದಾರಿ ತಲೆಗೆ ಹತ್ತುವುದಾದರೂ ಹೇಗೆ? ಅವರು ತೀರಿಕೊಂಡ ಮೇಲೆ ಬ್ಯಾಂಕು, ಆಸ್ಪತ್ರೆ ಅಂತ ಹಾಸನಕ್ಕೆ ಒಬ್ಬಳೇ ಓಡಾಡಬೇಕಾಯಿತು, ಓಡಾಡಿದೆ. ಅವರನ್ನು ನೆನೆದು ಇಂದಿಗೂ ಅಳುತ್ತೇನೆ. ದಾರಿ ಕಲಿತದ್ದು ಮಾತ್ರ ಅವರು ಹೋದ ಮೇಲೆಯೇ. ಇದನ್ನು ಮಕ್ಕಳಿಗೂ ಹೇಳಿಲ್ಲ.

*ಮನೆಯ ಗಂಡಸರೂ ಓದಲಿ ಎಂದು ಈ ಪತ್ರವನ್ನು ಮೊಟಕುಗೊಳಿಸಿಲ್ಲ.*

ಬೇಲೂರಿನ ಓದುಗರು: ಕೈಯಲ್ಲಿ ಮೊಬೈಲ್ ಇದೆ, ಅದರಲ್ಲಿ ಮ್ಯಾಪ್ ಇದೆ. ಇದನ್ನೂ ಸಮಸ್ಯೆ ಅಂತ ಬರೆಯಬೇಕೆ?

*ತೋಟದ ದಾರಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವೆಂದು ಸೋದರಿ ತಿಳಿಸಿದ್ದರು.*

ಹಾಸನದ ನಿವೃತ್ತ ವಿಜ್ಞಾನ ಶಿಕ್ಷಕರು: ಚೆನ್ನಾಗಿ ಗೊತ್ತಿದ್ದ ದಾರಿ ಇದ್ದಕ್ಕಿದ್ದಂತೆ ಮರೆತರೆ ವೈದ್ಯರಿಗೆ ತೋರಿಸಿ. ನಿಮ್ಮದು ಹಾಗೆ ಕಾಣುವುದಿಲ್ಲ. ಜಾಗ ಗುರುತಿಸುವ ಜೀವಕೋಶಗಳು ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿವೆ. ಅವನ್ನು ಕಂಡುಹಿಡಿದ ಜಾನ್ ಓಕೀಫ್ ಅವರಿಗೆ 2014ರಲ್ಲಿ ವಿಜ್ಞಾನಿಗಳಾದ ಮೋಸರ್ ದಂಪತಿಯೊಂದಿಗೆ ನೊಬೆಲ್ ಬಂತು. ಲಂಡನ್ನಿನ ಟ್ಯಾಕ್ಸಿ ಚಾಲಕರಲ್ಲಿ ಹಿಪೊಕ್ಯಾಂಪಸ್‌ನ ಹಿಂಭಾಗ ಬೇರೆಯವರಿಗಿಂತ ದೊಡ್ಡದಿರುವುದು 2000ದ ಅಧ್ಯಯನದಲ್ಲಿ ಕಂಡಿತು. ಮನಸ್ಸಿನಲ್ಲೇ ನಕ್ಷೆ ತಿರುಗಿಸಿ ನೋಡುವ ಶಕ್ತಿ ಎಲ್ಲರಿಗೂ ಒಂದೇ ಅಲ್ಲ, ನಿಜ. ಸ್ವಭಾವವೂ ಸೇರುತ್ತದೆ: ಆತಂಕದವರು ಹೊಸ ದಾರಿಗೆ ಕಾಲಿಡುವುದಿಲ್ಲ, ಕಾಲಿಡದೆ ರೂಢಿಯಾಗುವುದಿಲ್ಲ. ಹೋಗುವಾಗ ಪ್ರತಿ ಕವಲಿನಲ್ಲೂ ನಿಂತು ಹಿಂದಿರುಗಿ ನೋಡಿ. ವಾಪಸ್ ಬರುವಾಗ ಎದುರಾಗುವುದು ಆ ನೋಟವೇ.

*ಕೊನೆಯ ಪತ್ರ ಚಿಕ್ಕಮಗಳೂರಿನ ಆಟೋ ಚಾಲಕರದ್ದು. ವಿಷಯ ತುಸು ಬೇರೆ.*

ಕವಲಿನ ಬೋರ್ಡಿನ ಮೇಲೇ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟುತ್ತಾರೆ. ಮೊದಲು ಅದನ್ನು ತೆಗೆಸಿ. ಮುಳ್ಳಯ್ಯನಗಿರಿಗೆ ಹೊರಟವರು ಕೈಮರ ಎಂಬಲ್ಲಿ ನಮ್ಮನ್ನೇ ದಾರಿ ಕೇಳುತ್ತಾರೆ, ಅವರನ್ನು ಯಾರೂ ದಡ್ಡರು ಅನ್ನುವುದಿಲ್ಲ. ನೀವೂ ಕೇಳಿ ಅಕ್ಕಾ, ಹೇಳುತ್ತೇವೆ.

*ಸೋದರಿಯ ಪತಿಯವರು ಬರೆದರೆ ಮುಂದಿನ ವಾರ ಪ್ರಕಟಿಸುತ್ತೇವೆ.*