ಮೊಳದಷ್ಟು ದಾರ, ಮಾರಿನಷ್ಟು ಮಾತು

ಪಲ್ಲವಿ ದಾರ ಕತ್ತರಿಸುವುದನ್ನು ನೋಡಿದರೆ ಸಾಕು, ರತ್ನಕ್ಕನ ಬಿಪಿ ಏರುತ್ತದೆ. ರೀಲಿನ ತುದಿ ಹಿಡಿದು, ಎರಡೂ ಕೈ ಚಾಚಿ, ಪೂರ್ತಿ ಒಂದು ಮಾರು ಎಳೆಯುತ್ತಾಳೆ. ಸಾಲದು ಅಂತ ಇನ್ನೂ ಒಂದು ಗೇಣು ಸೇರಿಸುತ್ತಾಳೆ.

"ಇದೇನಮ್ಮ, ಸೀರೆಗೆ ಫಾಲ್ ಹಾಕ್ತಿದ್ದೀಯೋ, ಗಾಳಿಪಟ ಹಾರಿಸ್ತಿದ್ದೀಯೋ?"

"ಆಂಟಿ, ಪದೇ ಪದೇ ಸೂಜಿ ಪೋಣಿಸ್ತಾ ಕೂರೋಕೆ ನನ್ನ ಕೈಲಾಗಲ್ಲ. ಒಂದೇ ಸಲ ಉದ್ದ ತಗೊಂಡ್ರೆ ಮುಗೀತು."

ಮುಗಿಯಲಿಲ್ಲ. ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ದಾರ ತನ್ನ ಸುತ್ತ ತಾನೇ ಸುತ್ತಿಕೊಂಡಿತು. ಮತ್ತೆರಡು ಹೊಲಿಗೆಗೆ ಗಂಟು. ಪಲ್ಲವಿ ಸಿಟ್ಟಿನಲ್ಲಿ ಎಳೆದಳು. ಗಂಟು ಕಗ್ಗಂಟಾಯಿತು. ಮುಂದಿನ ವಾರ ಅವಳ ಚಿಕ್ಕಪ್ಪನ ಮಗಳ ಮದುವೆ. ಟೈಲರ್ ಹದಿನೈದು ದಿನ ಆಗುತ್ತೆ ಅಂದಿದ್ದಾನೆ. ಅದಕ್ಕೇ ಅವಳು ಸೀರೆ ಹಿಡಿದುಕೊಂಡು ಭಾನುವಾರ ಮಧ್ಯಾಹ್ನ ರತ್ನಕ್ಕನ ಜಗಲಿಗೆ ಬಂದಿರುವುದು. ನಮ್ಮ ಬೀದಿಯ ಅರ್ಧಕ್ಕರ್ಧ ಸೀರೆಗಳ ಕುಚ್ಚು ಕಟ್ಟಿದ ಕೈ ರತ್ನಕ್ಕನದು. ಧಾರವಾಡದ ಸುಧಾ ಕಸೂತಿ ಚೀಲ ಹಿಡಿದು ಮೂಲೆಯಲ್ಲಿ ಕೂತಿದ್ದಳು. ನಾನು ಕೂತಿದ್ದು ಬರೀ ಚಕ್ಕುಲಿಗೆ.

"ಎಳೀಬೇಡ್ವೇ!" ಅಂತ ರತ್ನಕ್ಕ ಸೀರೆ ಕಿತ್ತುಕೊಂಡರು. "ಗಂಟು ಅಂತ ನಿನಗೆ ಕಾಣೋದರಲ್ಲಿ ಮುಕ್ಕಾಲು ಪಾಲು ಗಂಟೇ ಅಲ್ಲ. ಸುಮ್ನೆ ಒಂದು ಕುಣಿಕೆ. ಎಳೆದಾಗ ಮಾತ್ರ ಅದು ಗಂಟಾಗುತ್ತೆ." ಕುಣಿಕೆಯೊಳಗೆ ಸೂಜಿಯ ಮೊನೆ ತೂರಿಸಿ ಸಡಿಲ ಮಾಡಿದರು. ಒಂದು ಬದಿಯ ಎಳೆಯನ್ನು ಮೆತ್ತಗೆ ಹಿಡಿದು ಎಳೆದರು. ದಾರ ಸರಕ್ ಅಂತ ಬಿಚ್ಚಿಕೊಂಡಿತು. ಪಲ್ಲವಿಯ ಮುಖದಲ್ಲಿ ಕೃತಜ್ಞತೆಗಿಂತ ಅವಮಾನವೇ ಜಾಸ್ತಿ ಕಂಡಿತು.

"ದಾರ ಎಷ್ಟು ತಗೋಬೇಕು ಅಂದ್ರೆ ಒಂದು ಮೊಳ. ಮೊಣಕೈಯಿಂದ ನಡುಬೆರಳ ತುದಿ. ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿನವರು ಅಳೀತಾರಲ್ಲ, ಹಾಗೆ."

"ಅವರ ಮೊಳ ಒಂದೊಂದು ದಿನ ಒಂದೊಂದು ಥರ ಇರುತ್ತಲ್ಲ?" ಅಂದೆ ನಾನು.

"ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನದ ಮೊಳ ಅಲ್ಲ. ಮಾಮೂಲಿ ದಿನದ್ದು."

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಸೀನಣ್ಣ. ಭೌತಶಾಸ್ತ್ರದ ಮೇಷ್ಟ್ರಾಗಿ ನಿವೃತ್ತರಾದರೂ ಪಾಠ ಮಾತ್ರ ಬಿಟ್ಟಿಲ್ಲ. ನೆಪಕ್ಕೆ ಪೇಪರ್ ಕೇಳಲು ಬರುತ್ತಾರೆ. ಕಾಫಿ ಕುಡಿದು ಹೋಗುತ್ತಾರೆ. ಅಂಗಿಯ ಮೂರನೇ ಗುಂಡಿ ಇರಲಿಲ್ಲ.

"ಏನು, ದಾರದ ಗಂಟಾ? ರತ್ನಮ್ಮ, ನಿಮ್ಮ ಮೊಳಕ್ಕೆ ಅಮೆರಿಕದಲ್ಲಿ ಸಾಕ್ಷಿ ಇದೆ ಗೊತ್ತಾ?"

"ಅಲ್ಲೂ ಫಾಲ್ ಹಾಕ್ತಾರಾ?"

"ಫಾಲ್ ಅಲ್ಲ, ಪ್ರಯೋಗ! ಸ್ಯಾನ್ ಡಿಯಾಗೋದಲ್ಲಿರೋ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಡೋರಿಯನ್ ರೇಮರ್ ಮತ್ತು ಡಗ್ಲಸ್ ಸ್ಮಿತ್ ಅಂತ ಇಬ್ಬರು. 2007ರಲ್ಲಿ ಪ್ರಕಟ ಮಾಡಿದರು. 30 ಸೆಂಟಿಮೀಟರಿನ ಚೌಕ ಡಬ್ಬಿ. ಅದರೊಳಗೆ ಒಂದು ದಾರ ಹಾಕೋದು. ಸೆಕೆಂಡಿಗೆ ಒಂದು ಸುತ್ತಿನಂತೆ ಹತ್ತು ಸುತ್ತು ತಿರುಗಿಸೋದು. ತೆಗೆದು ನೋಡೋದು. ಗಂಟು ಬಿದ್ದಿದೆಯಾ, ಎಂಥ ಗಂಟು. ಹೀಗೆ 3,415 ಸಲ."

ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಆ ಸಂಖ್ಯೆಗೆ ಸಲ್ಲಬೇಕಾದ ಗೌರವ ಅದು.

"ಇದಕ್ಕೆ ಸಂಬಳ ಕೊಟ್ರಾ?" ಅಂದರು ರತ್ನಕ್ಕ. "ನಮ್ಮತ್ತೆ ಬದುಕಿದ್ದಿದ್ದರೆ ಸ್ವೆಟರ್ ಉಲ್ಲನ್ ಉಂಡೆ ತುಂಬಿರೋ ಪೆಟ್ಟಿಗೆ ಕೊಟ್ಟು ಕಳಿಸ್ತಿದ್ದರು. ತಿರುಗಿಸೋದೇ ಬೇಡ. ಮುಚ್ಚಳ ಮುಚ್ಚಿಟ್ಟರೆ ಸಾಕಿತ್ತು."

"ಸಂಬಳ ಇರಲಿ, 2008ರಲ್ಲಿ ಇಗ್ ನೊಬೆಲ್ ಕೊಟ್ಟರು. ಮೊದಲು ನಗು ಬರಿಸಿ ಆಮೇಲೆ ಯೋಚನೆ ಮಾಡಿಸೋ ಸಂಶೋಧನೆಗೆ ಕೊಡೋ ಬಹುಮಾನ. ಈಗ ಮುಖ್ಯವಾದ ವಿಷಯ ಕೇಳಿ. ಉದ್ದ ದಾರಗಳು ಕೆಲವೇ ಸೆಕೆಂಡಿನಲ್ಲಿ ಗಂಟು ಹಾಕಿಕೊಂಡವು. ಆದರೆ 46 ಸೆಂಟಿಮೀಟರಿಗಿಂತ ಗಿಡ್ಡ ಇದ್ದ ದಾರಕ್ಕೆ ಗಂಟೇ ಬೀಳಲಿಲ್ಲ. 46 ಸೆಂಟಿಮೀಟರ್ ಅಂದ್ರೆ ಎಷ್ಟು ಇಂಚು?"

"18," ಅಂದಳು ಪಲ್ಲವಿ.

"18 ಇಂಚು ಅಂದ್ರೆ?"

ರತ್ನಕ್ಕ ಮಾತಾಡಲಿಲ್ಲ. ಮೊಣಕೈ ಮಡಿಸಿ ಪಲ್ಲವಿಯ ಮೂಗಿನ ಹತ್ತಿರ ಹಿಡಿದರು.

ಸುಧಾ ಮಾತ್ರ ಕಸೂತಿಯಿಂದ ತಲೆ ಎತ್ತಲಿಲ್ಲ. "ಅಲ್ರೀ ಸರ್, ಅವರು ಡಬ್ಬಿಯೊಳಗೆ ಹಾಕಿದ್ದು ಎಂಥ ದಾರ? ಹೊಲಿಗೆ ದಾರನ?"

ಸೀನಣ್ಣ ಕೆಮ್ಮಿದರು. "ಇಲ್ಲ, ಸ್ವಲ್ಪ ದಪ್ಪ. ಒಂದಿಷ್ಟು ಬಿರುಸು."

"ಮತ್ತೆ? ನಮ್ಮ ದಾರ ಮೆತ್ತಗಿರುತ್ತದೆ. ಮೆತ್ತನೆಯದು ಬೇಗ ಬಾಗುತ್ತದೆ, ಬೇಗ ಸಿಕ್ಕಾಗುತ್ತದೆ. ಅವರ 46 ನಮ್ಮ 46 ಹೇಗಾಗುತ್ತದೆ? ನಮ್ಮ ಲೆಕ್ಕ ಅವರ ಲೆಕ್ಕಕ್ಕೆ ಬಂದು ಕೂತದ್ದು ಬರೀ ಕಾಕತಾಳೀಯ."

ಸುಧಾ ಹೇಳಿದ್ದೇ ಸರಿ ಅಂತ ನನ್ನ ಅಭಿಪ್ರಾಯ. ಆದರೆ ರತ್ನಕ್ಕ ಆಗಲೇ ಗೆದ್ದ ಖುಷಿಯಲ್ಲಿ ಕಾಫಿ ತರಲು ಎದ್ದಿದ್ದರು. ಆ ಹೊತ್ತಿನಲ್ಲಿ ಕಾಕತಾಳೀಯ ಗೀಕತಾಳೀಯ ಯಾರಿಗೆ ಬೇಕು.

ಪಲ್ಲವಿ ಅಷ್ಟಕ್ಕೆ ಬಿಡುವವಳಲ್ಲ. ಮೊಬೈಲ್ ತೆಗೆದು ಲೆಕ್ಕ ಹಾಕಿದಳು. "ಫಾಲ್ ಎರಡೂವರೆ ಮೀಟರ್ ಅಂತ ಇಟ್ಕೊಳ್ಳಿ. ಮೇಲೊಂದು ಸಾಲು, ಕೆಳಗೊಂದು ಸಾಲು, ಐದು ಮೀಟರ್. ಹೆಮ್ಮಿಂಗ್ ಓರೆಯಾಗಿ ಹೋಗುತ್ತೆ, ಅದಕ್ಕೆ ಇನ್ನರ್ಧ ಸೇರಿಸಿ. ಏಳೂವರೆ ಮೀಟರ್ ದಾರ. ಒಂದು ಮೊಳದಲ್ಲಿ ಗಂಟಿಗೆ, ಕೊನೆಗೆ ಅಂತ ಒಂದು ಹಿಡಿ ಹಾಳು. ಉಳಿಯೋದು 35 ಸೆಂಟಿಮೀಟರ್. ಆಂಟಿ, ಒಂದು ಸೀರೆಗೆ ಇಪ್ಪತ್ತು ಸಲಕ್ಕಿಂತ ಜಾಸ್ತಿ ಸೂಜಿ ಪೋಣಿಸಬೇಕು! ಗಂಟು ಬಿಡಿಸೋದೇ ವಾಸಿ."

ನ್ಯಾಯವಾದ ಪ್ರಶ್ನೆ. ಎಲ್ಲರೂ ರತ್ನಕ್ಕನ ಕಡೆ ತಿರುಗಿದೆವು.

ಅವರು ಕಾಫಿ ಲೋಟ ಇಟ್ಟು ಸೂಜಿ ಪೊಟ್ಟಣ ಬಿಚ್ಚಿದರು. ರೀಲಿನಿಂದ ದಾರ ಕತ್ತರಿಸದೆ, ಅದರ ತುದಿಗೆ ಒಂದು ಸೂಜಿ ಪೋಣಿಸಿದರು. ಅದರ ಹಿಂದೆ ಇನ್ನೊಂದು. ಮತ್ತೊಂದು. ಹತ್ತು ಸೂಜಿ ಸಾಲಾಗಿ ದಾರದ ಮೇಲೆ ಕೂತವು. "ಬೆಳಿಗ್ಗೆ ಬೆಳಕಲ್ಲಿ ಹೀಗೆ ಹಾಕಿಡೋದು. ಮೊದಲನೇ ಸೂಜಿ ತಗೊಂಡು ಒಂದು ಮೊಳ ಎಳೆ. ಉಳಿದವನ್ನು ರೀಲಿನ ಕಡೆಗೆ ಸರಿಸಿ ಕತ್ತರಿಸು. ಆ ದಾರ ಮುಗೀತಾ, ಎರಡನೇದು ತಗೋ. ಕಣ್ಣಿಗೆ ಕೆಲಸ ಒಂದೇ ಸಲ."

"ಬ್ಯಾಚ್ ಪ್ರೊಸೆಸಿಂಗ್!" ಅಂತ ಪಲ್ಲವಿ ಕುಣಿದಳು.

"ಅದೇನೋ ಗೊತ್ತಿಲ್ಲ. ನಮ್ಮಮ್ಮನಿಗೆ ಕಣ್ಣಿನ ಪೊರೆ ಬಂದಿತ್ತು, ಅದಕ್ಕೆ ಹಾಗೆ ಮಾಡ್ತಿದ್ದಳು. ಹೆಮ್ಮಿಂಗಿಗೆ ಬೇಕಾದ್ರೆ ಒಂದೂವರೆ ಮೊಳ ತಗೋ. ನಾನು ನೋಡದ ಹಾಗೆ ಇರ್ತೀನಿ."

ಪೋಣಿಸುವ ಮಾತು ಬಂದಾಗ ಎಂಜಲಿನ ವಿಷಯವೂ ಬಂತು. ಪಲ್ಲವಿ ದಾರದ ತುದಿಯನ್ನು ಬಾಯಿಗೆ ಹಾಕಿ ಚೀಪುತ್ತಿದ್ದಳು. ಮದುವೆ ಸೀರೆಗೆ ಎಂಜಲು ದಾರವಾ ಅಂತ ರತ್ನಕ್ಕ ಕೆನ್ನೆ ಕೆನ್ನೆ ಬಡಿದುಕೊಂಡರು. ದಾರವನ್ನು ಓರೆಯಾಗಿ ಕತ್ತರಿಸಿ, ಬೆರಳು ನೀರಲ್ಲಿ ಅದ್ದಿ ಸೂಜಿಯ ಕಣ್ಣನ್ನು ಒದ್ದೆ ಮಾಡಿದರೆ ಸಾಕಂತೆ. ಕಣ್ಣು ತೀರಾ ಸಣ್ಣದಾದರೆ ಪ್ರತಿ ಹೊಲಿಗೆಗೂ ದಾರ ಅಲ್ಲಿ ಉಜ್ಜಿ ಎಳೆ ಎಳೆ ಬಿಡುತ್ತದೆ. ಆ ಎಳೆಗಳೇ ಒಂದಕ್ಕೊಂದು ತೊಡರುತ್ತವೆ. ಕೈಸೂಜಿಗಳಲ್ಲಿ ನಂಬರ್ ದೊಡ್ಡದಾದಷ್ಟೂ ಸೂಜಿ ಸಣ್ಣ. ಇದನ್ನು ಯಾರು ಹೀಗೆ ತಲೆಕೆಳಗಾಗಿ ಇಟ್ಟರೋ, ಅಂಗಡಿಯಲ್ಲಿ ಪ್ರತಿ ಸಲ ಜಗಳ.

"ನಿಜವಾದ ಕಾರಣಕ್ಕೆ ನೀವಿನ್ನೂ ಬಂದೇ ಇಲ್ಲ," ಅಂದರು ಸೀನಣ್ಣ. "ಹುರಿ! ದಾರ ಅಂದ್ರೇನು? ಎಳೆಗಳನ್ನು ಸೇರಿಸಿ ಹುರಿ ಹಾಕಿದ್ದು. ನೀವು ಹೊಲಿಯುವಾಗ ಗೊತ್ತಿಲ್ಲದೆ ಸೂಜಿಯನ್ನು ಬೆರಳ ನಡುವೆ ಸ್ವಲ್ಪ ಉರುಳಿಸ್ತೀರಿ. ಪ್ರತಿ ಹೊಲಿಗೆಗೂ ಕಾಲು ಸುತ್ತೋ ಅರ್ಧ ಸುತ್ತೋ ಸೇರುತ್ತೆ. ಐವತ್ತು ಹೊಲಿಗೆಗೆ ಎಷ್ಟಾಯ್ತು? ಹುರಿ ಜಾಸ್ತಿಯಾದ ದಾರವನ್ನು ಸಡಿಲ ಬಿಟ್ಟರೆ ಅದು ಸುಮ್ಮನಿರಲ್ಲ. ತನ್ನ ಮೇಲೆ ತಾನೇ ಸುತ್ತಿಕೊಂಡು ಕುಣಿಕೆ ಹಾಕುತ್ತೆ. ಮುಂದಿನ ಹೊಲಿಗೆ ಎಳೆದಾಗ ಕುಣಿಕೆ ಬಿಗಿಯುತ್ತೆ."

"ಇಷ್ಟಕ್ಕೆ ಇಷ್ಟುದ್ದ ಪಾಠ ಯಾಕೆ?" ಅಂದಳು ಸುಧಾ. ಪಲ್ಲವಿಯ ಕೈಯಿಂದ ಸೀರೆ ತಗೊಂಡು ಎತ್ತರಕ್ಕೆ ಹಿಡಿದಳು. ಸೂಜಿಯನ್ನು ಕೈಬಿಟ್ಟಳು. ದಾರದ ತುದಿಯಲ್ಲಿ ಜೋತಾಡಿದ ಸೂಜಿ ಬುಗುರಿಯಂತೆ ಗಿರಗಿರ ತಿರುಗಿತು. ನಿಂತಿತು. ಉಲ್ಟಾ ಎರಡು ಸುತ್ತು ಹಾಕಿ ಮತ್ತೆ ನಿಂತಿತು. "ಆಗಾಗ ಹೀಗೆ ಬಿಡಬೇಕು. ತಾನೇ ಹುರಿ ಬಿಚ್ಚಿಕೊಳ್ಳುತ್ತದೆ."

ಪಲ್ಲವಿಗೆ ಇದು ಎಷ್ಟು ಹಿಡಿಸಿತು ಅಂದರೆ, ಆಮೇಲೆ ಎರಡು ಹೊಲಿಗೆಗೊಂದು ಸಲ ಸೂಜಿ ತಿರುಗಿಸಿ ನೋಡತೊಡಗಿದಳು. ಫಾಲ್ ಇದ್ದಲ್ಲೇ ಇತ್ತು.

ಮೇಣದ ವಿಷಯಕ್ಕೆ ಬಂದಾಗ ಎಲ್ಲರಿಗೂ ಒಂದೊಂದು ಮತ. ಜೇನುಮೇಣದ ಉಂಡೆಯ ಮೇಲೆ ದಾರ ಎಳೆದು, ಎರಡು ಹಾಳೆಗಳ ನಡುವೆ ಇಟ್ಟು ಇಸ್ತ್ರಿ ಹಾಕಿದರೆ ಮೇಣ ಒಳಗಿಳಿದು ದಾರ ನುಣುಪಾಗುತ್ತದೆ. ಇದು ರತ್ನಕ್ಕನ ವಿಧಾನ. ಚಪ್ಪಲಿ ಹೊಲಿಯುವವರು ದಾರಕ್ಕೆ ಮೇಣ ತಿಕ್ಕುವುದನ್ನು ನೋಡಿದವರಿಗೆ ಇದರಲ್ಲಿ ಹೊಸದೇನಿಲ್ಲ. ಪಲ್ಲವಿ ದೇವರ ಮನೆಯ ಮೇಣದಬತ್ತಿ ಆಗುತ್ತಾ ಅಂದಳು. ಅದು ಬಟ್ಟೆಯ ಮೇಲೆ ಬಿಳಿ ಪುಡಿ ಉದುರಿಸುತ್ತದೆ, ಇಸ್ತ್ರಿ ಬಿದ್ದರೆ ಕಲೆ. ನಾನು ಕೊಬ್ಬರಿ ಎಣ್ಣೆ ಅಂದೆ. ಸುಮ್ಮನೆ ಚಕ್ಕುಲಿ ತಿನ್ನು ಅಂದರು. ತೆಳು ಬಣ್ಣದ ರೇಷ್ಮೆಗೆ ಜೇನುಮೇಣವೂ ಅಪಾಯವೇ, ಅಲ್ಲಿ ಗಿಡ್ಡ ದಾರ, ತಾಳ್ಮೆ ಎರಡೇ ಗತಿ.

"ನಮ್ಮ ಕಸೂತಿಯಲ್ಲಿ ಗಂಟು ಹಾಕೋದೇ ಇಲ್ಲ," ಅಂತ ಸುಧಾ ಶುರು ಮಾಡಿದಳು. ಈ ಮಾತು ಯಾವಾಗ ಬರುತ್ತದೋ ಅಂತ ನಾವು ಕಾಯುತ್ತಲೇ ಇದ್ದೆವು. "ಗವಂತಿ, ಮುರ್ಗಿ ಹೊಲಿಗೆ ಹಾಕಿದರೆ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಬಟ್ಟೆ ಮೇಲೆ ಗೆರೆ ಎಳೆಯೋದಿಲ್ಲ. ನೇಯ್ಗೆಯ ಎಳೆ ಎಣಿಸಿ ಎಣಿಸಿ ಹಾಕೋದು. ಗೋಪುರ, ತುಳಸಿಕಟ್ಟೆ, ಆನೆ, ಎಲ್ಲ ಲೆಕ್ಕದ ಮೇಲೆ. ಶುರುವಿನಲ್ಲಿ ದಾರದ ಬಾಲ ಸ್ವಲ್ಪ ಬಿಟ್ಟು, ಅದನ್ನೇ ಮುಂದಿನ ಹೊಲಿಗೆಯೊಳಗೆ ಸೇರಿಸಿಬಿಡೋದು."

"ಎಣಿಸುವಾಗ ಯಾರಾದರೂ ಮಾತಾಡಿಸಿದರೆ?" ಅಂದರು ಸೀನಣ್ಣ.

"ನೀವು ಬಂದಾಗಿನಿಂದ ಈ ಆನೆಯ ಸೊಂಡಿಲನ್ನು ಮೂರು ಸಲ ಬಿಚ್ಚಿದ್ದೀನ್ರೀ."

ಅವಳ ಹತ್ತಿರ ಕಲಿಯುವುದು ಇನ್ನೊಂದಿತ್ತು. ಅಂಗಡಿಯ ಕಸೂತಿ ದಾರದ ಲಡಿಯಲ್ಲಿ ಆರು ಎಳೆ ಇರುತ್ತವೆ. ಎರಡು ಬೇಕು ಅಂತ ಎರಡನ್ನೂ ಒಟ್ಟಿಗೆ ಎಳೆದರೆ ಉಳಿದ ನಾಲ್ಕು ಮುದುಡಿ ಕೂರುತ್ತವೆ. ಒಂದೊಂದಾಗಿ ಮೇಲಕ್ಕೆ ಎಳೆದು ತೆಗೆದು, ಆಮೇಲೆ ಜೋಡಿಸಬೇಕು. ಪ್ರತಿ ಸಲವೂ ಉಳಿದವು ಕೆಳಗೆ ಗುಪ್ಪೆಯಾಗುತ್ತವೆ. ಹೋಯಿತು ಅಂದುಕೊಳ್ಳುತ್ತೀರಿ. ಸವರಿದರೆ ನೆಟ್ಟಗಾಗುತ್ತವೆ.

ದೊಡ್ಡ ಜಗಳ ಆದದ್ದು ದಾರದ ಯಾವ ತುದಿಗೆ ಗಂಟು ಹಾಕಬೇಕು ಎಂಬುದಕ್ಕೆ. ರೀಲಿನಿಂದ ಮೊದಲು ಹೊರಬಂದ ತುದಿ ಸೂಜಿಗೆ, ಕತ್ತರಿಸಿದ ತುದಿ ಗಂಟಿಗೆ ಅಂತ ರತ್ನಕ್ಕ. ಅದೆಲ್ಲ ಬೇಡ, ಬೆರಳ ನಡುವೆ ಎರಡೂ ಕಡೆ ಎಳೆದು ನೋಡಿ, ನುಣುಪಾಗಿ ಹೋಗುವ ದಿಕ್ಕಿಗೆ ಹೊಲಿ ಅಂತ ಸುಧಾ. ಸೀನಣ್ಣ ಪ್ರಯೋಗ ಮಾಡೋಣ, ಎರಡೂ ಕಡೆಯಿಂದ ನೂರು ನೂರು ಸಲ ಅಂದರು. ಯಾರೂ ಒಪ್ಪಲಿಲ್ಲ. ಅಮೆರಿಕದವರಿಗೆ ಬರೆದು ಕೇಳಿ ಅಂದರು ರತ್ನಕ್ಕ.

ಆಗಲೇ ಸೀನಣ್ಣನಿಗೆ ತಮ್ಮ ಗುಂಡಿ ನೆನಪಾಗಿದ್ದು. ಜೇಬಿನಿಂದ ತೆಗೆದು ಮುಂದಿಟ್ಟರು.

"ಗುಂಡಿಗೆ ಜೋಡಿ ದಾರ ಬೇಕು," ಅಂತ ರತ್ನಕ್ಕ ಪಲ್ಲವಿಗೆ ತೋರಿಸಿದರು. "ಎರಡು ತುದಿ ಸೇರಿಸಿ ಒಂದೇ ಗಂಟು ಹಾಕ್ತೀಯಲ್ಲ, ಅದು ತಪ್ಪು. ಒಂದೊಂದು ತುದಿಗೆ ಬೇರೆ ಬೇರೆ ಗಂಟು ಹಾಕು. ಆಗ ಎರಡೂ ಎಳೆ ತಮ್ಮ ತಮ್ಮ ಹುರಿ ತಾವೇ ಬಿಚ್ಚಿಕೊಳ್ತವೆ. ಒಟ್ಟಿಗೆ ಕಟ್ಟಿದರೆ ಒಂದನ್ನೊಂದು ಸುತ್ತಿಕೊಳ್ತವೆ."

"ಗಂಡ ಹೆಂಡತಿಗೂ ಇದನ್ನೇ..." ಅಂತ ಸೀನಣ್ಣ ಶುರು ಮಾಡಿದರು.

"ಅಂಗಿ ಬಿಚ್ಚಬೇಡಿ, ಹಾಗೇ ಹಾಕ್ತೀನಿ. ಆದರೆ ಮೈಮೇಲಿನ ಬಟ್ಟೆ ಹೊಲಿಯುವಾಗ ಮಾತಾಡಬಾರದು. ಶಾಸ್ತ್ರ."

ಅದು ಯಾವ ಶಾಸ್ತ್ರದಲ್ಲಿದೆ ಅಂತ ಕೇಳಲು ಸೀನಣ್ಣ ಬಾಯಿ ತೆರೆದರು. ರತ್ನಕ್ಕ ಸೂಜಿ ತೋರಿಸಿದರು.