ಪೈಪ್ ಗ್ಯಾಸ್ ಬಂತು, ಅಮ್ಮನಿಗೆ ವಾಸನೆ ಗೊತ್ತಾಗಲ್ಲ. ಡಿಟೆಕ್ಟರ್ ಎಲ್ಲಿ ಹಾಕಿಸಲಿ?

ಮೂರನೇ_ಮಹಡಿ, ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿಗೆ ಹೋದ ತಿಂಗಳು ಪೈಪ್ ಗ್ಯಾಸ್ ಬಂತು, ಸಿಲಿಂಡರ್ ವಾಪಸ್ ಕೊಟ್ಟೆವು. ಅಮ್ಮನಿಗೆ 72 ವರ್ಷ. ಕೋವಿಡ್ ಬಂದು ಹೋದ ಮೇಲೆ ಅವರಿಗೆ ವಾಸನೆ ಸರಿಯಾಗಿ ಗೊತ್ತಾಗುವುದಿಲ್ಲ, ಒಗ್ಗರಣೆ ಸೀದರೂ ಹೊಗೆ ಕಂಡ ಮೇಲೇ ತಿಳಿಯುವುದು. ಮೊನ್ನೆ ಮಂಗಳವಾರ ಆಫೀಸಿನಿಂದ ಬಂದು ಬಾಗಿಲು ತೆಗೆದರೆ ಮನೆ ತುಂಬ ಗ್ಯಾಸ್ ವಾಸನೆ! ಹಾಲು ಉಕ್ಕಿ ಸಣ್ಣ ಬರ್ನರ್ ಆರಿತ್ತು, ನಾಬ್ ಹಾಗೇ ತೆರೆದಿತ್ತು, ಅಮ್ಮ ಹಾಲ್‌ನಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಗಾಬರಿಯಲ್ಲಿ ನಾನು ಮೊದಲು ಎಕ್ಸಾಸ್ಟ್ ಫ್ಯಾನ್ ಹಾಕಿದೆ, ಆಮೇಲೆ ನಾಬ್ ತಿರುಗಿಸಿದೆ. ದೇವರ ದಯೆ, ಏನೂ ಆಗಲಿಲ್ಲ.

ಮೂರು ವರ್ಷದ ಹಿಂದೆ ಸಿಲಿಂಡರ್ ಇದ್ದಾಗ ತಂದ ಡಿಟೆಕ್ಟರ್ ಕಟ್ಟೆ ಕೆಳಗೆ, ನೆಲದಿಂದ ಒಂದಡಿ ಮೇಲೆ ಇದೆ. ಅದು ಕೂಗಲೇ ಇಲ್ಲ. ಕೆಟ್ಟಿದೆಯಾ? ನಾನು ಹಗಲೆಲ್ಲ ಮನೆಯಲ್ಲಿ ಇರುವುದಿಲ್ಲ, ದಯವಿಟ್ಟು ಗೊತ್ತಿದ್ದವರು ಹೇಳಿ.

ಪೈಪ್_ಕೆಲಸ:
ಮೇಡಂ, ಡಿಟೆಕ್ಟರ್ ಕೆಟ್ಟಿರಲಿಕ್ಕಿಲ್ಲ, ಇರುವ ಜಾಗ ತಪ್ಪು. ಸಿಲಿಂಡರಿನಲ್ಲಿ ಇರುವುದು ಪ್ರೊಪೇನ್, ಬ್ಯೂಟೇನ್. ಅವು ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ಹರಡುತ್ತವೆ. ಪೈಪಿನಲ್ಲಿ ಬರುವುದು ಹೆಚ್ಚಾಗಿ ಮೀಥೇನ್, ಗಾಳಿಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತೂಕ ಅಷ್ಟೇ, ಸೀದಾ ಸೂರಿಗೆ ಹೋಗುತ್ತದೆ. ನಿಮ್ಮ ಯಂತ್ರ ಕೆಳಗೆ ಕೂತಿದೆ, ಗ್ಯಾಸ್ ಮೇಲೆ ತುಂಬಿದೆ. ಹೊಸದನ್ನು ಸೂರಿನಿಂದ ಸುಮಾರು ಒಂದಡಿ ಕೆಳಗೆ ಹಾಕಿಸಿ, ಒಲೆಯ ನೇರ ಮೇಲೆ ಬೇಡ. ಕೊಳ್ಳುವಾಗ ಮೀಥೇನ್‌ಗೆ ಕೆಲಸ ಮಾಡುತ್ತಾ ಅಂತ ಕೇಳಿ, ಬರೀ ಎಲ್‌ಪಿಜಿಗೆ ಅಂತಲೇ ಮಾಡಿದವೂ ಇರುತ್ತವೆ.

ಆದರೆ ನಿಮ್ಮ ಅಮ್ಮನ ವಿಷಯಕ್ಕೆ ನಾನು ಮೊದಲು ಹೇಳುವುದು ಒಲೆ ಬದಲಿಸಿ ಅಂತ. ಫ್ಲೇಮ್ ಫೇಲ್ಯೂರ್ ಡಿವೈಸ್ ಇರುವ ಒಲೆ ಸಿಗುತ್ತದೆ. ಬರ್ನರ್ ಪಕ್ಕ ಸಣ್ಣ ಕಡ್ಡಿ ಥರ ಇರುತ್ತದೆ, ಉರಿ ಆರಿ ಅದು ತಣ್ಣಗಾದರೆ ಕೆಲವು ಸೆಕೆಂಡಿನಲ್ಲಿ ಗ್ಯಾಸ್ ತಾನೇ ನಿಲ್ಲುತ್ತದೆ. ಹಾಲು ಉಕ್ಕಿದರೂ, ಗಾಳಿಗೆ ಆರಿದರೂ ಅಷ್ಟೇ. ತಗೊಳ್ಳುವಾಗ ಪೈಪ್ ಗ್ಯಾಸಿನ ಜೆಟ್ (ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಭಾಗ) ಹಾಕಿಸಿಕೊಳ್ಳಿ, ಸಿಲಿಂಡರಿನ ಜೆಟ್ಟೇ ಬಿಟ್ಟರೆ ಉರಿ ಸಣ್ಣಗಾಗುತ್ತದೆ.

ನಿವೃತ್ತ_ಅಗ್ನಿಶಾಮಕ:
ಮಗಳೇ, ಆ ಫ್ಯಾನ್ ಸ್ವಿಚ್ ಓದಿ ನನಗೆ ಎದೆ ಝಲ್ಲೆಂದಿತು. ಮೀಥೇನ್ ಗಾಳಿಯಲ್ಲಿ 5ರಿಂದ 15 ಶೇಕಡಾ ಬೆರೆತರೆ ಸಣ್ಣ ಕಿಡಿ ಸಾಕು. ಅವತ್ತು ನಿಮ್ಮ ಮನೆಯಲ್ಲಿ ಅಷ್ಟು ಸೇರಿರಲಿಲ್ಲ, ಅದಕ್ಕೇ ಉಳಿದಿರಿ. ಸ್ವಿಚ್ ಹಾಕಿದರೂ ಕಿಡಿ, ಆರಿಸಿದರೂ ಕಿಡಿ. ಉರಿಯುತ್ತಿರುವ ದೀಪ ಉರಿಯಲಿ, ಮುಟ್ಟಬೇಡಿ. ಕಾಲಿಂಗ್ ಬೆಲ್ ಒತ್ತಬೇಡಿ, ಬಾಗಿಲು ತಟ್ಟಿ. ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆಗೆದು, ಅಮ್ಮನನ್ನು ಕರೆದುಕೊಂಡು ಮೆಟ್ಟಿಲಲ್ಲಿ ಇಳಿಯಿರಿ, ಲಿಫ್ಟ್ ಬೇಡ. ಫೋನ್ ಏನಿದ್ದರೂ ಹೊರಗೆ ಬಂದ ಮೇಲೆ: 112ಕ್ಕೆ, ಮತ್ತೆ ಬಿಲ್ಲಿನಲ್ಲಿ ಇರುವ ಗ್ಯಾಸ್ ಕಂಪನಿಯ ತುರ್ತು ನಂಬರಿಗೆ. ವಾಸನೆ ತುಂಬ ಜೋರಾಗಿದ್ದರೆ ಕಿಟಕಿ ತೆಗೆಯಲೂ ನಿಲ್ಲಬೇಡಿ, ಹೊರಗೆ ಬನ್ನಿ ಅಷ್ಟೇ.

ಬೆಣ್ಣೆದೋಸೆ_ಊರು:
ನಮ್ಮ ದಾವಣಗೆರೆ ಮನೆಯಲ್ಲಿ ಇನ್ನೂ ಸಿಲಿಂಡರ್. ನಮ್ಮಂಥವರಿಗೂ ಒಂದು ಮಾತು ಸೇರಿಸುತ್ತೇನೆ. ನಮ್ಮ ಬೀದಿಯಲ್ಲಿ ಇವತ್ತಿಗೂ ಲೀಕ್ ಇದೆಯಾ ಅಂತ ಬೆಂಕಿಕಡ್ಡಿ ಗೀರಿ ನೋಡುವವರಿದ್ದಾರೆ! ಸೋಪಿನ ನೊರೆ ಹಚ್ಚಿ ನೋಡಿ ಸಾಕು, ಗುಳ್ಳೆ ಬಂದರೆ ಲೀಕ್. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬ್ ಆದರೂ ಐದು ವರ್ಷಕ್ಕೆ ಬದಲಿಸಲೇಬೇಕು. ಸಿಲಿಂಡರ್ ಲೀಕ್ ಆದರೆ ಕರೆಯಬೇಕಾದ ನಂಬರ್ 1906.

ಹ್ಯೂಸ್ಟನ್_ಕನ್ನಡತಿ:
ಅಕ್ಕಾ, ನಿಮ್ಮ ಅಮ್ಮನ ಕಥೆ ಓದಿ ನಮ್ಮ ಟೆಕ್ಸಾಸಿನದೇ ಒಂದು ಘಟನೆ ನೆನಪಾಯಿತು. ನ್ಯಾಚುರಲ್ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. 1937ರ ಮಾರ್ಚ್ 18ರಂದು ನ್ಯೂ ಲಂಡನ್ ಅನ್ನುವ ಊರಿನ ಶಾಲೆಯಲ್ಲಿ ಗ್ಯಾಸ್ ಸೋರಿ ಕಟ್ಟಡದ ಅಡಿಯಲ್ಲಿ ತುಂಬಿಕೊಂಡಿತ್ತು, ಯಾರಿಗೂ ಗೊತ್ತಾಗಲಿಲ್ಲ. ವರ್ಕ್‌ಶಾಪಿನಲ್ಲಿ ಒಂದು ಮೆಷಿನ್ ಆನ್ ಮಾಡಿದಾಗ ಕಿಡಿ ಹಾರಿತು, ಸುಮಾರು 300 ಜನ ಹೋದರು, ಹೆಚ್ಚಿನವರು ಮಕ್ಕಳು. ಆಮೇಲೆ ಟೆಕ್ಸಾಸ್ ಸರ್ಕಾರ ಗ್ಯಾಸಿಗೆ ಕೆಟ್ಟ ವಾಸನೆ ಬೆರೆಸುವುದನ್ನು ಕಡ್ಡಾಯ ಮಾಡಿತು. ನಿಮ್ಮ ಅಮ್ಮನಿಗೆ ಆ ವಾಸನೆ ತಲುಪುವುದೇ ಇಲ್ಲ ಅಂದರೆ ಅವರ ಪಾಲಿಗೆ ಗ್ಯಾಸ್ ಇನ್ನೂ 1937ರದ್ದೇ. ಹಾಗಾಗಿ ಡಿಟೆಕ್ಟರ್ ಸದ್ದು ಅವರ ಕಿವಿಗೆ ಚೆನ್ನಾಗಿ ಕೇಳಿಸುತ್ತಾ ಅಂತ ಹಾಲ್‌ನಲ್ಲಿ, ಮಲಗುವ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿ.

ಮೂರನೇ_ಮಹಡಿ, ಬೆಂಗಳೂರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಳೇ ಡಿಟೆಕ್ಟರ್ ಹಿಂದೆ ನೋಡಿದೆ, ಎಲ್‌ಪಿಜಿ ಅಂತ ಮಾತ್ರ ಬರೆದಿದೆ. ಹೊಸದಕ್ಕೂ ಒಲೆಗೂ ಆರ್ಡರ್ ಕೊಟ್ಟೆ. ಅಂಕಲ್, ನಿಮ್ಮ ಮಾತು ಅಮ್ಮನಿಗೂ ಓದಿ ಹೇಳಿದೆ. ಮೀಟರ್ ಪಕ್ಕದ ವಾಲ್ವನ್ನು ಅವರ ಕೈಯಲ್ಲೇ ತಿರುಗಿಸಿ ತೋರಿಸಿದ್ದೇನೆ: ಹಿಡಿ ಪೈಪಿನ ನೇರಕ್ಕಿದ್ದರೆ ಚಾಲೂ, ಅಡ್ಡ ಇದ್ದರೆ ಬಂದ್. ಒಲೆ ಬರುವ ತನಕ ಅಡುಗೆ ಆದ ಕೂಡಲೇ ಅಡ್ಡ ತಿರುಗಿಸುತ್ತೇನೆ ಅಂದಿದ್ದಾರೆ, ನಿನ್ನೆಯಿಂದ ಮಾಡುತ್ತಲೂ ಇದ್ದಾರೆ.